ಹೊಸಬರ ಕೆಮ್ಮು

ಇಂಚರಾಳ ಟೀಚರ್ ಮಾತಾಡುತ್ತಲೇ ತಮ್ಮ ಕುರ್ಚಿಯನ್ನು ಒಂದಿಷ್ಟು ಹಿಂದಕ್ಕೆ ಸರಿಸಿಕೊಂಡರು. ನಯವಾಗಿಯೇ ಸರಿಸಿದ್ದರು, ಅಮ್ಮ ಶಕುಂತಲಾ ಗಮನಿಸಲೂ ಇಲ್ಲ. ಆದರೆ ಇಂಚರಾ ನೋಡಿದಳು. ಪೋಷಕರ ಭೇಟಿ ಮುಗಿಸಿ ಕಾರಿನಲ್ಲಿ ಕೂತ ಮೇಲೆ ಕಿಟಕಿಯ ಗಾಜು ಇಳಿಸಿ ಅಪ್ಪನಿಗೆ ಸ್ವೀಡಿಷ್‌ನಲ್ಲಿ ಹೇಳಿದಳು, "ನಿನ್ನ ವಾಸನೆ ತಡೆಯೋಕಾಗದೆ ಅವರು ಹಿಂದೆ ಸರಿದರು, ಪಪ್ಪಾ. ಮುಂದಿನ ಸಲ ಅಮ್ಮ ಒಬ್ಬಳೇ ಬರಲಿ."

ನಂದಕುಮಾರ ಕಾರು ಓಡಿಸಿದ. ದಾವಣಗೆರೆಯ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಹತ್ತಿದ ಸಿಗರೇಟು ಅದು. ಮದುವೆಗೂ, ಮಗಳ ಹುಟ್ಟಿಗೂ, ಸ್ವೀಡನ್ನಿನ ಸೋಡರ್‌ಟೆಲ್ಯೆಯ ಚಳಿಗೂ ಬಗ್ಗದೆ ಅವನ ಜೊತೆಗೇ ಬಂದಿತ್ತು. ಶಕುಂತಲಾ ಅತ್ತು ನೋಡಿದ್ದಳು, ವಾರಗಟ್ಟಲೆ ಮಾತು ಬಿಟ್ಟು ನೋಡಿದ್ದಳು. ಅಲ್ಲಿನ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿ ಅವಳಿಗೆ ಕೆಲಸ. ಯಾವ ಮಾತ್ರೆ, ಯಾವ ಪಟ್ಟಿ ಎಂದು ಓದಿಕೊಂಡು ಬಂದು ಕೊಟ್ಟಿದ್ದಳು. ನಿಕೋಟಿನ್ ಪಟ್ಟಿ ಅಂಟಿಸಿದರೆ ಅವನಿಗೆ ಚರ್ಮ ಕೆರೆಯುತ್ತಿತ್ತು. ಸ್ವೀಡಿಷ್ ಸಹೋದ್ಯೋಗಿಗಳ ಹಾಗೆ ತುಟಿಯೊಳಗೆ ಸ್ನೂಸ್ ಎಂಬ ತಂಬಾಕಿನ ಪುಟ್ಟ ಪೊಟ್ಟಣ ಇಟ್ಟುಕೊಂಡ ದಿನ ಬಿಕ್ಕಳಿಕೆ ಹತ್ತಿ ವಾಂತಿಯಾಗಿತ್ತು. ಅಷ್ಟಕ್ಕೂ ಬಗ್ಗದವನಿಗೆ ಮಗಳ ಆ ಒಂದು ಮಾತು ಚುಚ್ಚಿತು.

ಮರುದಿನ ಲಾರಿ ಫ್ಯಾಕ್ಟರಿಯ ಗೇಟಿನಾಚೆ, ಸಿಗರೇಟು ಸೇದುವವರಿಗೆಂದು ಹಾಕಿದ್ದ ಗಾಜಿನ ಚಪ್ಪರದಡಿ ನಿಂತು ಅವನು ಗ್ರೆಗರಿಗೆ ಹೇಳಿದ, "ವೇಪ್ ಟ್ರೈ ಮಾಡೋಣ ಅಂತಿದೀನಿ. ನೀನೂ ಬಾ. ಒಬ್ಬನೇ ಆದ್ರೆ ಆಗಲ್ಲ ನನ್ನ ಕೈಲಿ."

ಗ್ರೆಗರಿ ಉಡುಪಿ ಕಡೆಯ ಶಿರ್ವದವನು. ಇಬ್ಬರೂ ಎಂಜಿನ್ ಪರೀಕ್ಷಿಸುವ ವಿಭಾಗದಲ್ಲೇ ಇದ್ದರು. ಅವರ ಸ್ನೇಹ ಬೆಳೆದದ್ದೇ ಆ ಚಪ್ಪರದಡಿ. ಅಲ್ಲಿ ಸೇದುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗಿ ಕೊನೆಗೆ ಹೆಚ್ಚುಕಡಿಮೆ ಇವರಿಬ್ಬರೇ ಉಳಿದಿದ್ದರು.

"ಲೂಸಿಗೆ ಗೊತ್ತಾದ್ರೆ ಚರ್ಚಲ್ಲಿ ಕ್ಯಾಂಡಲ್ ಹಚ್ತಾಳೆ ಮಾರಾಯ," ಎಂದ ಗ್ರೆಗರಿ ಹೆಂಡತಿಯನ್ನು ನೆನೆದು. "ನಡಿ, ನೋಡೋಣ."

ಪೇಟೆ ಬೀದಿಯ ಅಂಗಡಿಯಲ್ಲಿ ನಡುವಯಸ್ಸಿನ ಹೆಂಗಸೊಬ್ಬಳಿದ್ದಳು. ದಿನಕ್ಕೆ ಎಷ್ಟು ಸೇದುತ್ತೀರಿ, ಬೆಳಿಗ್ಗೆ ಎದ್ದ ತಕ್ಷಣ ಬೇಕಾಗುತ್ತದೆಯೇ ಎಂದೆಲ್ಲ ಕೇಳಿ, ಪೆನ್ನಿನಷ್ಟು ಉದ್ದದ, ನಿಕೋಟಿನ್ ದ್ರವವನ್ನು ಕಾಯಿಸಿ ಆವಿ ಮಾಡುವ ಎರಡು ಸಾಧನಗಳನ್ನು ತೆಗೆದಿಟ್ಟಳು. ಶುರುವಿಗೆ ತಂಬಾಕಿನ ರುಚಿಯದೇ ಒಳ್ಳೆಯದು ಎಂದಳು. ಲಿಕ್ವಿಡ್ ತುಂಬಿದ ಮೇಲೆ ಒಳಗಿನ ಹತ್ತಿ ನೆನೆಯುವ ತನಕ ಕಾಯಬೇಕು, ಇಲ್ಲದಿದ್ದರೆ ಹತ್ತಿ ಸುಟ್ಟು ಬಾಯಿ ಕೆಡುತ್ತದೆ. ಸಿಗರೇಟಿನ ಹಾಗೆ ಜೋರಾಗಿ ಎಳೆಯಬಾರದು, ನಿಧಾನ. ಕೊನೆಗೆ ಹೇಳಿದಳು, "ಮೊದಮೊದಲು ಕೆಮ್ಮು ಬರುತ್ತೆ. ಹೊಸಬರಿಗೆಲ್ಲ ಬರುತ್ತೆ. ಅದಕ್ಕೆ ಹೆದರಿ ಸಿಗರೇಟಿಗೆ ವಾಪಸ್ ಹೋಗಬೇಡಿ. ನೀರು ಕುಡೀತಾ ಇರಿ."

ಕೆಮ್ಮು ಬಂದೇ ಬಂತು. ಚಪ್ಪರದಡಿ ಮೊದಲ ದಮ್ಮು ಎಳೆದಾಗ ಇಬ್ಬರೂ ಬಗ್ಗಿ ಮೊಣಕಾಲು ಹಿಡಿದುಕೊಂಡು ಕೆಮ್ಮಿದರು, ಆಮೇಲೆ ನಕ್ಕರು. ಗ್ರೆಗರಿ ಒಂದು ವಾರ ತಡೆದುಕೊಂಡ. ಮುಂದಿನ ಸೋಮವಾರ ಜೇಬಿನಿಂದ ಸಿಗರೇಟು ಪ್ಯಾಕು ತೆಗೆದು, "ದಿನಾ ಆವಿಯಲ್ಲಿ ಬೇಯೋಕೆ ನಾನೇನು ಇಡ್ಲಿಯಾ?" ಎಂದು ಕಡ್ಡಿ ಗೀರಿದ.

ನಂದಕುಮಾರ ಮಾತ್ರ ಬಿಡಲಿಲ್ಲ. ಸಂಜೆ ಹೊತ್ತು ಸಣ್ಣ ಮಾತಿಗೆ ರೇಗುತ್ತಿದ್ದ, ಆದರೂ ಸಿಗರೇಟು ಮುಟ್ಟಲಿಲ್ಲ. ಬೇಸಿಗೆ ಕಳೆಯುವಷ್ಟರಲ್ಲಿ ಮನೆಯ ಗಾಳಿಯೇ ಬೇರೆಯಾಗಿತ್ತು. ಶಕುಂತಲಾ ಪರದೆಗಳನ್ನೆಲ್ಲ ಒಗೆದು ಹಾಕಿದಳು. ಅವನ ಜಾಕೆಟ್ಟುಗಳನ್ನು ಬಾಲ್ಕನಿಯಲ್ಲಿ ಗಾಳಿಗಾರಲು ಬಿಟ್ಟಳು. ಇಷ್ಟು ವರ್ಷ ಗೋಡೆಯ ಕಡೆ ತಿರುಗಿ ಮಲಗುತ್ತಿದ್ದವಳು ಈಗ ಅವನ ಕಡೆ ತಿರುಗಿ ಮಲಗತೊಡಗಿದಳು. ಇಂಚರಾ ಒಂದು ಭಾನುವಾರ ಸೋಫಾದ ಮೇಲೆ ಅವನ ಭುಜಕ್ಕೆ ತಲೆಯಿಟ್ಟು ಫುಟ್‌ಬಾಲ್ ನೋಡಿದಳು. ಆ ಎರಡು ಗಂಟೆ ನಂದಕುಮಾರ ಕಾಲು ಜೋಮು ಹಿಡಿದರೂ ಅಲುಗಲಿಲ್ಲ.

ಕೆಮ್ಮು ಮಾತ್ರ ಹೋಗಲಿಲ್ಲ.

ಮೊದಲು ಅದರ ಬಗ್ಗೆ ಯಾರಿಗೂ ಚಿಂತೆಯಿರಲಿಲ್ಲ. ಅಂಗಡಿಯವಳು ಹೇಳಿದ್ದಳಲ್ಲ. ವೇಪ್ ಸೇದುವವರ ಆನ್‌ಲೈನ್ ಗುಂಪೊಂದರಲ್ಲಿ ಅವನು ಕೇಳಿದ; ಕಂಡು ಕೇಳರಿಯದವರೆಲ್ಲ ಧೈರ್ಯ ಹೇಳಿದರು: ನನಗೂ ಹಾಗೇ ಆಗಿತ್ತು, ಶ್ವಾಸಕೋಶ ತನ್ನನ್ನು ತಾನೇ ತೊಳೆದುಕೊಳ್ಳುತ್ತಿದೆ, ಲಿಕ್ವಿಡ್ ಬದಲಿಸಿ ನೋಡಿ. ಅವನು ಬದಲಿಸಿದ. ಪುದೀನಾ ರುಚಿಯದು ಗಂಟಲು ಹಿಂಡಿದ ಹಾಗಾಗಿ ಬಿಟ್ಟ. ನಿಕೋಟಿನ್ ಕಡಿಮೆಯಿರುವುದಕ್ಕೆ ಇಳಿದ. ಸಾಧನವನ್ನೇ ಬದಲಿಸಿದ. ಕೆಮ್ಮಿದಾಗಲೆಲ್ಲ ಶಕುಂತಲಾ ಮೆಣಸಿನ ಕಷಾಯ ಕಾಯಿಸಿ ಕೊಡುತ್ತಾ, "ಎಲ್ಲಾ ಹೊರಗೆ ಬರ್ತಿದೆ ರೀ, ಬರ್ಲಿ ಬಿಡಿ. ಇಪ್ಪತ್ತೈದು ವರ್ಷದ್ದು ಒಂದೇ ಸಲಕ್ಕೆ ಕ್ಲೀನ್ ಆಗುತ್ತಾ?" ಎನ್ನುತ್ತಿದ್ದಳು. ಪ್ಯಾಂಟು ಸಡಿಲವಾಗಿದ್ದನ್ನು ಕಂಡು, ಫ್ಯಾಕ್ಟರಿಯಲ್ಲಿ ಸಿಹಿ ಬನ್ನು ತಿನ್ನುವುದನ್ನು ಬಿಟ್ಟದ್ದು ಒಳ್ಳೆಯದಾಯಿತು ಎಂದುಕೊಂಡಳು.

ಆರೋಗ್ಯ ಕೇಂದ್ರಕ್ಕೆ ಅವನು ಒಮ್ಮೆ ಫೋನ್ ಮಾಡಿದ್ದು ನಿಜ. ನರ್ಸ್ ಕೇಳಿದ ಪ್ರಶ್ನೆಗಳಿಗೆ, ಸಿಗರೇಟು ಬಿಟ್ಟಿದ್ದೇನೆ, ವೇಪ್ ಶುರುಮಾಡಿದ ಮೇಲೆ ಕೆಮ್ಮು, ಜ್ವರ ಇಲ್ಲ ಎಂದ. ಈಚೆಗೆ ಮೆಟ್ಟಿಲು ಹತ್ತುವಾಗ ಆಗುತ್ತಿದ್ದ ಸುಸ್ತಿನ ಮಾತು ಎತ್ತಲಿಲ್ಲ, ತೂಕದ ಮಾತೂ ಎತ್ತಲಿಲ್ಲ. ಕಡಿಮೆಯಾಗದಿದ್ದರೆ ಮತ್ತೆ ಫೋನ್ ಮಾಡಿ ಎಂದಳು ಅವಳು. ಅವನು ಮಾಡಲಿಲ್ಲ.

ನವೆಂಬರಿನ ಶುರುವಿನಲ್ಲಿ, ಮಧ್ಯಾಹ್ನದ ಬೆಳಕು ಹೀಗೆ ಬಂದು ಹಾಗೆ ಹೋಗುವ ದಿನಗಳಲ್ಲಿ, ಫ್ಯಾಕ್ಟರಿಯ ಬಚ್ಚಲಿನಲ್ಲಿ ಗ್ರೆಗರಿ ಕೈ ತೊಳೆಯುತ್ತಿದ್ದ. ಪಕ್ಕದ ಬೇಸಿನ್ನಿಗೆ ಬಗ್ಗಿ ನಂದಕುಮಾರ ಕೆಮ್ಮುತ್ತಿದ್ದ. ಅವನು ನಲ್ಲಿ ತಿರುಗಿಸುವುದು ಒಂದು ಕ್ಷಣ ತಡವಾಯಿತು. ಬಿಳಿ ಬೇಸಿನ್ನಿನಲ್ಲಿ ಕೆಂಪು ಎಳೆ ಇಳಿದು ಹೋಗುವುದನ್ನು ಗ್ರೆಗರಿ ನೋಡಿದ.

"ಅದೇನು ನಂದ?"

"ಗಂಟಲು ಗೀರಿದೆ, ಅಷ್ಟೇ."

"ರಕ್ತ ಅದು. ಮೊದಲನೇ ಸಲವಾ?"

ನಂದಕುಮಾರ ಟಿಶ್ಯೂನಿಂದ ಬಾಯಿ ಒರೆಸಿಕೊಂಡ. "ಶಕ್ಕುಗೆ ಹೇಳ್ಬೇಡ. ಪ್ಲೀಸ್. ಮನೇಲಿ ಈಗ ಎಷ್ಟು ಚೆನ್ನಾಗಿದೆ ಗೊತ್ತಾ? ಅವಳು ಗಾಬರಿಯಾದ್ರೆ ಎಲ್ಲಾ ಹಾಳಾಗತ್ತೆ. ಕ್ರಿಸ್‌ಮಸ್ ರಜೆ ಬರ್ಲಿ, ನಾನೇ ತೋರಿಸ್ಕೊಂಡ್ ಬರ್ತೀನಿ."

ಗ್ರೆಗರಿ ಒಪ್ಪಿಕೊಂಡ. ಇನ್ನೊಬ್ಬನ ಮನೆಯ ವಿಷಯ ಎಂದುಕೊಂಡ. ಅದೂ ಅಲ್ಲದೆ ತಾನು ಇನ್ನೂ ಸಿಗರೇಟು ಸೇದುತ್ತಿದ್ದ. ಸಿಗರೇಟು ಬಿಟ್ಟವನಿಗೆ ಬುದ್ಧಿ ಹೇಳುವ ಬಾಯಿ ತನಗೆಲ್ಲಿದೆ ಎನಿಸಿತು. ದಿನ ಬಿಟ್ಟು ದಿನ, "ಫೋನ್ ಮಾಡಿದ್ಯಾ?" ಎಂದು ಕೇಳುತ್ತಿದ್ದ. "ಮಾಡ್ತೀನಿ" ಎಂಬ ಉತ್ತರ ಬರುತ್ತಿತ್ತು.

ಕ್ರಿಸ್‌ಮಸ್ ಊಟಕ್ಕೆ ಎರಡು ಮನೆಯವರೂ ಗ್ರೆಗರಿಯ ಅಪಾರ್ಟ್‌ಮೆಂಟಿನಲ್ಲಿ ಸೇರಿದರು. ಲಿಫ್ಟು ಕೆಟ್ಟಿತ್ತು. ನಂದಕುಮಾರ ಎರಡನೇ ಮಹಡಿಯಲ್ಲಿ ಒಮ್ಮೆ, ಮೂರನೇ ಮಹಡಿಯಲ್ಲಿ ಒಮ್ಮೆ ಗೋಡೆ ಹಿಡಿದು ನಿಂತು ಹತ್ತಿ ಬಂದ. ಲೂಸಿ ಬಾಗಿಲು ತೆರೆದವಳು ಅವನ ಮುಖ ನೋಡಿ "ಒಳಗೆ ಬನ್ನಿ, ಕೂತ್ಕೊಳ್ಳಿ" ಎಂದಳೇ ಹೊರತು ಶುಭಾಶಯ ಹೇಳಲು ಮರೆತಳು. ಊಟದ ನಡುವೆ ಕೆಮ್ಮು ಹತ್ತಿದಾಗ ಅವನು ಎದ್ದು ಬಾಲ್ಕನಿಗೆ ಹೋದ. ಶಕುಂತಲಾ ನೀರು ತರಲು ಅಡುಗೆಮನೆಗೆ ಬಂದಳು. ಅಲ್ಲಿ ಗ್ರೆಗರಿ ಏನೂ ಮಾಡದೆ ಸಿಂಕಿನ ಮುಂದೆ ನಿಂತಿದ್ದ.

"ಶಕುಂತಲಾ, ಒಂದು ಮಾತು. ಹೇಳ್ಬೇಡ ಅಂದಿದ್ದಾನೆ. ಆದ್ರೆ ನನ್ನಿಂದ ಇನ್ನು ಆಗೋದಿಲ್ಲ."

"ಏನದು?"

"ಕೆಮ್ಮಿನಲ್ಲಿ ರಕ್ತ ಬರ್ತಾ ಇದೆ ಅವನಿಗೆ. ನಾನೇ ನೋಡಿದ್ದೇನೆ."

"ಯಾವಾಗ?"

"ನವೆಂಬರ್ ಶುರುವಿಗೆ."

ಅವಳು ಗ್ಲಾಸನ್ನು ಕಟ್ಟೆಯ ಮೇಲಿಟ್ಟಳು. "ಇವತ್ತು ಕ್ರಿಸ್‌ಮಸ್, ಗ್ರೆಗರಿ," ಎಂದಳು.

ಬಾಲ್ಕನಿಯ ಬಾಗಿಲು ತೆರೆದು ಹೋಗಿ, ಕಂಬಿ ಹಿಡಿದು ನಿಂತಿದ್ದ ಗಂಡನ ಕೈಯಿಂದ ಟಿಶ್ಯೂ ಬಿಡಿಸಿಕೊಂಡು ನೋಡಿದಳು. ಅವರು ಮಿಕ್ಕ ಊಟ ಮಾಡದೆ ಮನೆಗೆ ಹೊರಟರು.

ಆಮೇಲೆ ಎಲ್ಲವೂ ಬೇಗ ಬೇಗ ಆಯಿತು. ಎಕ್ಸ್‌ರೇ ತೆಗೆದವರು ಅದೇ ವಾರ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಸ್ಕ್ಯಾನ್ ಆಯಿತು, ಸೂಜಿ ಹಾಕಿ ಮಾಂಸದ ಚೂರು ತೆಗೆದರು. ಹೊಸ ವರ್ಷದ ಮೊದಲ ವಾರಗಳಲ್ಲಿ ಒಂದು ಬೆಳಿಗ್ಗೆ ಡಾಕ್ಟರ್ ಮೂವರನ್ನೂ ಕೂರಿಸಿಕೊಂಡು, ಇಂಗ್ಲಿಷಿನಲ್ಲಿ, ಅವಸರವಿಲ್ಲದೆ ಹೇಳಿದರು. ಎಡ ಶ್ವಾಸಕೋಶದಲ್ಲಿ ಕ್ಯಾನ್ಸರ್. ಯಕೃತ್ತಿಗೂ ಬೆನ್ನುಮೂಳೆಗೂ ಹರಡಿದೆ. ಔಷಧಿ ಕೊಡುತ್ತೇವೆ, ಆದರೆ ಗುಣಪಡಿಸಲು ಆಗುವುದಿಲ್ಲ.

ಇಂಚರಾ ಸ್ವೀಡಿಷ್‌ನಲ್ಲಿ ಕೇಳಿದಳು, "ವೇಪ್‌ನಿಂದ ಬಂತಾ?"

"ಇಲ್ಲ," ಎಂದರು ಡಾಕ್ಟರ್. "ಇದು ಅದಕ್ಕಿಂತ ಬಹಳ ಹಳೆಯದು. ನಿಮ್ಮ ತಂದೆ ಸಿಗರೇಟು ಬಿಟ್ಟಾಗಲೇ ಒಳಗೆ ಇತ್ತು."

ಶಕುಂತಲಾ ಕೇಳಿದಳು, "ಕೆಮ್ಮು ಶುರುವಾದಾಗಲೇ ಕರ್ಕೊಂಡು ಬಂದಿದ್ರೆ?"

"ಗೊತ್ತಿಲ್ಲ," ಎಂದರು ಡಾಕ್ಟರ್. "ಸ್ವಲ್ಪ ಹೆಚ್ಚು ಕಾಲ ಸಿಗುತ್ತಿತ್ತೋ ಏನೋ. ಸಿಗದೆಯೂ ಇರಬಹುದಿತ್ತು."

ಪಾರ್ಕಿಂಗ್ ಜಾಗದಲ್ಲಿ ಇಂಚರಾ ಮುಂದೆ ನಡೆದು ಕಾರಿನ ಗಾಜಿನ ಮೇಲಿನ ಹಿಮ ಕೆರೆಯತೊಡಗಿದಳು, ಬೇಕಾದ್ದಕ್ಕಿಂತ ಜೋರಾಗಿ. ಶಕುಂತಲಾ ಗಂಡನ ತೋಳು ಹಿಡಿದಿದ್ದಳು.

"ನೀವು ಕೆಮ್ಮಿದಾಗೆಲ್ಲ ನಂಗೆ ಖುಷಿ ಆಗ್ತಿತ್ತು ರೀ," ಎಂದಳು.

"ನಂಗೂ," ಎಂದ ಅವನು.

ಚಿಕಿತ್ಸೆ ಎರಡು ತಿಂಗಳು ಕೆಲಸ ಮಾಡಿದ ಹಾಗೆ ಕಂಡಿತು, ಆಮೇಲೆ ಅದರಿಂದ ಫಲವಾಗಲಿಲ್ಲ. ವೇಪ್ ಎಳೆಯಲು ಬೇಕಾದ ಉಸಿರೂ ಅವನಲ್ಲಿ ಇರಲಿಲ್ಲ. ಆಸ್ಪತ್ರೆಯವರು ಈಗ ನಿಕೋಟಿನ್ ಪಟ್ಟಿಯನ್ನೇ ಅಂಟಿಸಿದರು. ಈ ಸಲ ಕೆರೆತದ ಬಗ್ಗೆ ಅವನು ದೂರಲಿಲ್ಲ. ಗ್ರೆಗರಿ ಶನಿವಾರಗಳಂದು ಬರುತ್ತಿದ್ದ. ಮೊದಮೊದಲು ಶಕುಂತಲಾ ಅವನನ್ನು ಒಳಗೆ ಬಿಟ್ಟು ತಾನು ಬೇರೆ ಕೋಣೆಗೆ ಹೋಗಿಬಿಡುತ್ತಿದ್ದಳು. ಗಂಡಸರಿಬ್ಬರೂ ಫ್ಯಾಕ್ಟರಿಯ ಮಾತಾಡುತ್ತಿದ್ದರು. ಒಂದು ಶನಿವಾರ ಅವಳು ಹಾಲಿನ ಲೋಟ ಒಯ್ದಾಗ ಗಂಡ ಹೇಳುತ್ತಿದ್ದುದು ಕೇಳಿಸಿತು.

"ನೀನು ಹೇಳಿದ್ದು ತಪ್ಪಲ್ಲ, ಗ್ರೆಗ್. ಹೇಳ್ಬೇಡ ಅಂದಿದ್ದು ನಂದು ತಪ್ಪು."

"ನಾನು ನಿನ್ನ ಮಾತು ಕೇಳಿದ್ದೂ ತಪ್ಪೇ ಅಲ್ವಾ," ಎಂದ ಗ್ರೆಗರಿ.

ಅಂದಿನಿಂದ ಅವಳು ಆ ಕೋಣೆಯಲ್ಲೇ ಕೂರತೊಡಗಿದಳು.

ಮೇ ತಿಂಗಳ ಕೊನೆಗೆ, ಬೀದಿಯುದ್ದಕ್ಕೂ ಲೈಲಾಕ್ ಹೂ ಬಿಟ್ಟಿದ್ದಾಗ, ನಂದಕುಮಾರ ಮನೆಯಲ್ಲೇ ತೀರಿಕೊಂಡ. ಆಗ ಮಧ್ಯಾಹ್ನ. ಇಂಚರಾ ಅವನ ಪಾದಗಳನ್ನು ಒತ್ತುತ್ತಿದ್ದಳು, ಶಕುಂತಲಾ ನೆನೆಸಿದ ಹತ್ತಿಯಿಂದ ತುಟಿ ಒದ್ದೆ ಮಾಡುತ್ತಿದ್ದಳು. ಉಸಿರು ನಿಂತದ್ದು ಅವರಿಬ್ಬರಿಗೂ ಒಟ್ಟಿಗೇ ಗೊತ್ತಾಯಿತು, ಆದರೂ ಸುಮಾರು ಹೊತ್ತು ಇಬ್ಬರೂ ಕೈ ತೆಗೆಯಲಿಲ್ಲ. ಈ ದೇಶದ ಪದ್ಧತಿಯಂತೆ ಅಂತ್ಯಸಂಸ್ಕಾರಕ್ಕೆ ವಾರಗಟ್ಟಲೆ ಕಾಯಬೇಕಾಯಿತು. ಆ ದಿನಗಳಲ್ಲಿ ಲೂಸಿ ದಿನವೂ ಅನ್ನ ಸಾರು ಮಾಡಿ ತಂದಳು. ಗ್ರೆಗರಿ ಕಚೇರಿಗಳಿಗೆ ಓಡಾಡಿದ. ಶಕುಂತಲಾ ಅತ್ತದ್ದನ್ನು ಯಾರೂ ನೋಡಲಿಲ್ಲ.

ಎಲ್ಲ ಮುಗಿದ ಮೇಲೆ, ಲೂಸಿಯ ಪಾತ್ರೆಗಳನ್ನು ವಾಪಸ್ ತೆಗೆದುಕೊಂಡು ಹೋಗಲು ಬಂದ ಗ್ರೆಗರಿಯನ್ನು ಅವಳು ಬಾಗಿಲಲ್ಲಿ ನಿಲ್ಲಿಸಿದಳು.

"ನೀವು ಇನ್ನೂ ಸೇದ್ತೀರಲ್ಲ?"

"ಹೌದು," ಎಂದ ಅವನು ತಲೆ ತಗ್ಗಿಸಿ.

"ಬಿಡಿ ಅಂತ ಹೇಳಲ್ಲ. ನಿಮಗೂ ಕೆಮ್ಮಿದೆ, ನಂಗೆ ಕೇಳ್ಸತ್ತೆ. ಹೋಗಿ ಸ್ಕ್ಯಾನ್ ಮಾಡಿಸ್ಕೊಳ್ಳಿ. ಸೋಮವಾರ ಬೆಳಿಗ್ಗೆನೇ ಫೋನ್ ಮಾಡಿ. ನೀವು ಮಾಡದಿದ್ರೆ ನಾನು ಲೂಸಿ ಕೈಲಿ ಮಾಡಿಸ್ತೀನಿ."

ಅವನು ಮಾಡಿದ. ಹೆದರುತ್ತಲೇ ಮಾಡಿದ. ಶಿರ್ವದಲ್ಲಿದ್ದ ತಾಯಿಗೆ ಏನೂ ಹೇಳದೆ ವಿಡಿಯೋ ಕಾಲಿನಲ್ಲಿ ಅವರ ಮುಖ ನೋಡುತ್ತಾ ಕೂರುತ್ತಿದ್ದ ಎಂದು ಲೂಸಿ ಆಮೇಲೆ ಹೇಳಿದಳು. ಎಕ್ಸ್‌ರೇ, ಸ್ಕ್ಯಾನ್, ಕಾಯುವುದು, ಎಲ್ಲ ನಂದಕುಮಾರನಿಗೆ ಆದ ಹಾಗೆಯೇ ಆಯಿತು. ಆಗಸ್ಟಿನ ಒಂದು ಸಂಜೆ ಶಕುಂತಲಾ ಲ್ಯಾಬಿನಿಂದ ಬಂದು ಬಟ್ಟೆ ಬದಲಿಸುತ್ತಿದ್ದಾಗ ಬಾಗಿಲ ಗಂಟೆಯ ಸದ್ದಾಯಿತು. ಗ್ರೆಗರಿ ನಿಂತಿದ್ದ. ನೇರ ಆಸ್ಪತ್ರೆಯಿಂದ ಬಂದಿದ್ದ.

"ಏನಂದ್ರು?"

"ಏನೂ ಇಲ್ಲ ಅಂದ್ರು." ಅವನ ಮುಖದಲ್ಲಿ ಸಮಾಧಾನ ಮೂಡಲೋ ಬೇಡವೋ ಎಂಬ ಹಾಗೆ ನಿಂತಿತ್ತು. "ಸ್ವಲ್ಪ ಕಫ ಅಷ್ಟೇ ಅಂತೆ. ಲಂಗ್ಸ್ ಕ್ಲೀನ್ ಇದೆ ಅಂತ ಹೇಳಿದ್ರು. ನಿಮಗೆ ಮೊದಲು ಹೇಳ್ಬೇಕು ಅನ್ನಿಸ್ತು."

"ಒಳ್ಳೇದಾಯ್ತು," ಎಂದಳು ಶಕುಂತಲಾ. "ಲೂಸಿಗೆ ಹೇಳಿ, ಕಾಯ್ತಿರ್ತಾಳೆ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಅವಳು ನಿಧಾನವಾಗಿ ಬಾಗಿಲು ಮುಚ್ಚಿದಳು. ಮೆಟ್ಟಿಲಿಳಿಯುವ ಸದ್ದು ನಿಲ್ಲುವ ತನಕ ಚಿಲಕದ ಮೇಲೆ ಕೈಯಿಟ್ಟುಕೊಂಡೇ ಇದ್ದಳು. ಆಮೇಲೆ ಚಪ್ಪಲಿ ಬಿಡುವ ಜಾಗದಲ್ಲೇ ಕುಸಿದು ಕೂತು, ಸೆರಗಿಲ್ಲದ ಕಾರಣ ಕುರ್ತಾದ ತೋಳನ್ನೇ ಬಾಯಿಗೆ ತುರುಕಿಕೊಂಡು ಅತ್ತಳು. ದುಃಖಕ್ಕಿಂತ ಅದರಲ್ಲಿ ಸಿಟ್ಟೇ ಹೆಚ್ಚಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಅವಳಿಂದ ಹೇಳಲಾಗುತ್ತಿರಲಿಲ್ಲ. ತಾನೇ ಬಲವಂತ ಮಾಡಿ ಕಳಿಸಿದ್ದಳು. ಅವನಿಗೇನೂ ಇಲ್ಲದಿರಲಿ ಎಂದು ದೇವರಲ್ಲಿ ಕೇಳಿಕೊಂಡವಳೂ ತಾನೇ.

ಸದ್ದು ಕೇಳಿ ಇಂಚರಾ ಕೋಣೆಯಿಂದ ಓಡಿ ಬಂದಳು. ಗಾಬರಿಯಲ್ಲಿ ಸ್ವೀಡಿಷ್‌ನಲ್ಲಿ ಏನಾಯಿತು ಎಂದಳು, ಮತ್ತೆ ಕನ್ನಡದಲ್ಲಿ, "ಅಮ್ಮಾ, ಏನಾಯ್ತು?"

"ಗ್ರೆಗರಿ ಅಂಕಲ್ ಬಂದಿದ್ರು. ಅವರಿಗೆ ಏನೂ ಇಲ್ವಂತೆ."

ಮಗಳು ಅರ್ಥವಾಗದೆ ನಿಂತಳು. "ಅದು ಒಳ್ಳೇದಲ್ವಾ?"

"ಒಳ್ಳೇದೇ," ಎಂದಳು ಶಕುಂತಲಾ.

ಇಂಚರಾ ಪಕ್ಕದಲ್ಲಿ, ಶೂಗಳನ್ನು ಅತ್ತ ಸರಿಸಿ, ಕೂತುಕೊಂಡಳು. ಹೊರಗೆ ಇನ್ನೂ ಬಿಸಿಲಿತ್ತು. ಸ್ವಲ್ಪ ಹೊತ್ತಿನ ಮೇಲೆ ಶಕುಂತಲಾ ಗೋಡೆ ಹಿಡಿದು ಎದ್ದು, ಮುಖ ತೊಳೆಯಲು ಹೋದಳು.