ಮೆಟ್ಟಿಲು ನಂದು

ಬಾಗಿಲು ಹಾಕಿದ ಅಂಗಡಿಗಳ ಮುಂದೆ ಕೂತವರನ್ನು ಪೊಲೀಸರೇ ಎಬ್ಬಿಸಬಹುದು ಎಂಬ ಒಪ್ಪಿಗೆ ಪತ್ರಕ್ಕೆ ನಮ್ಮ ಬೀದಿಯವರೆಲ್ಲ ಸಹಿ ಹಾಕಿದ್ದರು. ಉಳಿದವಳು ನಾನೊಬ್ಬಳೇ, ಆಸ್ಪತ್ರೆಯ ಎದುರಿನ ಟೈಲರ್. ಸಂಜೆ ನಾನು ಬಾಗಿಲು ಹಾಕಿದ ಮೇಲೆ ರೋಗಿಗಳ ಕಡೆಯವರು ನನ್ನ ಮೆಟ್ಟಿಲ ಮೇಲೆ ಕೂರುತ್ತಾರೆ. ಪಕ್ಕದ ಚಪ್ಪಲಿ ಅಂಗಡಿಯವನಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ.

ಮಧ್ಯಾಹ್ನ ಇನ್‌ಸ್ಪೆಕ್ಟರೇ ಬಂದರು. ಬಿಸಿಲಿಗೆ ಬೆವೆತು ಹೋಗಿದ್ದರು. ಟೋಪಿ ತೆಗೆದು, ಮೆಟ್ಟಿಲ ಮೇಲೆ ಕೂತು, ಪತ್ರ ಚಾಚಿದರು.

"ಸಹಿ ಹಾಕಿಬಿಡಿ ಅಮ್ಮ. ಆಮೇಲೆ ಪ್ರತಿ ಸಲ ನಿಮ್ಮನ್ನ ಕೇಳೋ ತಾಪತ್ರಯ ಇರಲ್ಲ."

ನಾನು ಕತ್ತರಿ ಕೆಳಗಿಟ್ಟೆ. "ಮೆಟ್ಟಿಲು ನಂದು. ನನ್ನನ್ನ ಕೇಳೋದು ತಾಪತ್ರಯಾನಾ? ಹಾಕಲ್ಲ."

"ನಾಳೆ ಕಳ್ಳತನ ಆದ್ರೆ ನಮ್ಮ ಹತ್ರ ಬರಬೇಡಿ."

"ಬಂದೇ ಬರ್ತೀನಿ. ಕಳ್ಳನ್ನ ಹಿಡಿಯೋಕೆ ನನ್ನ ಸಹಿ ಬೇಕಾಗಿಲ್ವಲ್ಲ."

ಅವರ ಮುಖ ಗಂಟಾಯಿತು. "ಯಾರು, ಎಲ್ಲಿಯವರು ಅಂತ ಕೇಳದೆ ಕಂಡಕಂಡವರನ್ನೆಲ್ಲ ಕೂರೋಕೆ ಬಿಡ್ತೀರಾ?"

"ಈಗ ನೀವು ಕೂತಾಗ ನಾನು ಕೇಳಿದ್ನಾ?"

ಇನ್‌ಸ್ಪೆಕ್ಟರ್ ತಾವು ಕೂತ ಮೆಟ್ಟಿಲನ್ನೊಮ್ಮೆ ನೋಡಿಕೊಂಡು ಏಳಲು ಹೋದರು.

"ಕೂತ್ಕೊಳ್ಳಿ ಸಾರ್," ಎಂದೆ. "ಬಿಸಿಲು ಇಳೀಲಿ."