ಎಂಟೋ ಹದಿನೈದೋ

ನಾನು ಮೀನುಗಾರಿಕೆ ಬೋಟಿನ ವೇಗದ ಮೀಟರ್. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ, ಕಣ್ಣುಬಿಟ್ಟಿದ್ದು ಬೋಟುಗಳನ್ನು ಕಟ್ಟುವ ಗಂಗೊಳ್ಳಿ ದಕ್ಕೆಯಲ್ಲಿ, ಹೆರಿಯಣ್ಣನ ಬೋಟಿನ ಚುಕ್ಕಾಣಿಯ ಎದುರು. ಮನುಷ್ಯರನ್ನು ಸುಲಭಕ್ಕೆ ನಂಬುವ ಜಾತಿ ನನ್ನದಲ್ಲ. ಯಾಕೆಂದು ಹೇಳುತ್ತೇನೆ, ಕೇಳಿ.

ಹೆರಿಯಣ್ಣ ಜೀವಮಾನವಿಡೀ ಬಸ್ಸು ಓಡಿಸಿ, ಆಮೇಲೆ ಬೋಟು ಕೊಂಡವನು. ಬೋಟು ನಡೆಸುವ ತಾಂಡೇಲ ಶೀನ. ನಾನು ತೋರಿಸುತ್ತಿದ್ದುದು ಕಡಲಿನವರ ಲೆಕ್ಕ, ನಾಟ್. ಒಂದು ನಾಟ್ ಎಂದರೆ ಗಂಟೆಗೆ ಎರಡು ಕಿಲೋಮೀಟರಿಗೆ ತುಸು ಕಡಿಮೆ. ಹೆರಿಯಣ್ಣನಿಗೆ ಅದೆಲ್ಲಿ ಗೊತ್ತು! ಮೊದಲ ಸಲ ನನ್ನನ್ನು ನೋಡಿದವನೇ ಹುಬ್ಬು ಗಂಟಿಕ್ಕಿದ.

"ಎಂಟಾ? ನನ್ ಬಸ್ಸನ್ನ ನೂಕ್ಕಂಡ್ ಹೋದ್ರೂ ಇದ್ಕಿಂತ ಬೇಗ ಹೋತಿತ್ ಮಾರಾಯ!"

"ಕಡ್ಲಲ್ಲಿ ಎಂಟ್ ಅಂದ್ರೆ ಲಾಯ್ಕ್ ಓಟವೇ ಅಣ್ಣ" ಎಂದ ಶೀನ.

"ಎಂಟ್ ಅಂದ್ರೆ ಎಂಟೇ ಅಲ್ದಾ!"

ಅಂದಿನಿಂದ ಶುರುವಾಯಿತು ನೋಡಿ. ಇಷ್ಟು ನಿಧಾನ ಓಡುವ ಬೋಟಿಗೆ ಅಷ್ಟೊಂದು ಡೀಸೆಲ್ ಯಾಕೆ? ಶೀನ ನಡುಗಡಲಲ್ಲಿ ಮಾರುತ್ತಿರಬೇಕು! ಹೆರಿಯಣ್ಣ ಟ್ಯಾಂಕಿಗೆ ಕೋಲಿಳಿಸಿ ನೋಡಿದ, ಶೀನನ ಚೀಲವನ್ನೂ ಮೂಸಿದ. ಏನೂ ಸಿಗದಿದ್ದಾಗ ಅನುಮಾನ ಇನ್ನೂ ಜೋರಾಯಿತು. ಕೊನೆಗೆ, ಸಮುದ್ರಪೂಜೆಯ ದಿನ ಎಲ್ಲರೆದುರು ತೆಂಗಿನಕಾಯಿ ಮುಟ್ಟಿ ಆಣೆ ಮಾಡಬೇಕೆಂದ. ಶೀನನ ಮುಖ ಕಪ್ಪಿಟ್ಟಿತು. ಆದರೂ ಒಪ್ಪಿದ. ನನಗೋ ಬಾಯಿಲ್ಲ. ಎಂಥ ಸಂಕಟ!

ಪೂಜೆಯ ದಿನ ಮನೆಯವರೆಲ್ಲ ಬೋಟು ಹತ್ತಿದರು. ಶೀನ ಬೋಟನ್ನು ಕಡಲಿಗೆ ಓಡಿಸಿದ, ನಾನು ಎಂದಿನಂತೆ ಎಂಟು ತೋರಿಸುತ್ತಿದ್ದೆ. ಹೆರಿಯಣ್ಣನ ಹೆಂಡತಿ ಗುಲಾಬಿ ಎಂಜಿನ್ನಿಗೆ, ಚುಕ್ಕಾಣಿಗೆ, ಕಡೆಗೆ ನನಗೂ ಕುಂಕುಮ ಹಚ್ಚಿದಳು. ಅವಳ ಬೆರಳು ನನ್ನ ಗುಂಡಿಯನ್ನು ಒತ್ತಿತು. ಎಂಟು ಹೋಗಿ ಹದಿನೈದು ಬಂತು.

"ಕಂಡ್ಯಾ! ಮೀಟ್ರಿಗೂ ಕೈ ಹಾಕಿದ ಕಳ್ಳ!" ಹೆರಿಯಣ್ಣ ಕೂಗಿದ.

ಗುಲಾಬಿ ಮತ್ತೆ ಒತ್ತಿದಳು. ಎಂಟು. ಮತ್ತೆ ಒತ್ತಿದಳು. ಹದಿನೈದು.

"ಎಂಜಿನ್ ಸದ್ದ್ ಬದ್ಲಾಯ್ತಾ? ಇಲ್ಲ ಅಲ್ದಾ? ಹದಿನೈದ್ ಬಂದಾಗ ಕಿಲೋಮೀಟರ್ ಅಂದೇಳಿ ಬರ್ದದ್ ಕಾಣಿ ಇಲ್ಲಿ" ಎಂದಳು.

ಹೆರಿಯಣ್ಣ ನನ್ನನ್ನೇ ನೋಡಿದ. ಆಮೇಲೆ ತೆಂಗಿನಕಾಯಿಯನ್ನು ಕೆಳಗಿಟ್ಟು, "ಆಣೆ ಬ್ಯಾಡ ಶೀನ" ಎಂದ.

ಶೀನ ಬೋಟನ್ನು ಅದೇ ಓಟದಲ್ಲಿ ದಕ್ಕೆಗೆ ತಂದು, ಕೀಲಿಕೈಯನ್ನು ಹೆರಿಯಣ್ಣನ ಅಂಗೈಯಲ್ಲಿಟ್ಟ.

"ಹದಿನೈದ್ ಅಂದ್ರೆ ನಾನ್ ಒಳ್ಳೆಯವ, ಎಂಟ್ ಅಂದ್ರೆ ಕಳ್ಳ. ನಂಗೆ ಈ ಬೋಟ್ ಬ್ಯಾಡ ಅಣ್ಣ."

ಹೆರಿಯಣ್ಣ ಬೋಟು ಮಾರಿ ಎಷ್ಟೋ ಕಾಲವಾಯಿತು. ಶೀನ ಈಗ ಬೇರೆಯವರ ಬೋಟಿಗೆ ತಾಂಡೇಲ. ನನ್ನನ್ನು ಮಾತ್ರ ಕಿತ್ತು ತಂದು ಬಲೆ ಇಡುವ ಕೊಟ್ಟಿಗೆಯಲ್ಲಿಟ್ಟಿದ್ದಾನೆ. ಕುಂಕುಮ ಇನ್ನೂ ಗುಂಡಿಯ ಸಂದಿಯಲ್ಲಿದೆ. ಸಂಜೆ ಒಮ್ಮೊಮ್ಮೆ ಬಂದು, ಕರೆಂಟಿಲ್ಲದ ನನ್ನ ಗುಂಡಿಯನ್ನು ಸುಮ್ಮನೆ ಒತ್ತುತ್ತಾನೆ. ಆಮೇಲೆ ಹೆಂಡತಿಯನ್ನು ಕೇಳುತ್ತಾನೆ:

"ಶೀನನ ಬೋಟ್ ಬಂತಾ?"