ಕಿಟಕಿ ಮುಚ್ಚಿದ ಶೆಡ್ಡು

“ಈ ಚನ್ನಪಟ್ಟಣದಾಗೆ ಸಾವಿರ ಹೆಣ ತೊಳ್ದಿವ್ನಿ ಕಣಮ್ಮಿ. ಒಬ್ರಾದ್ರೂ ಎದ್ದು ಬಂದು ನೀರು ತಣ್ಣಗಿತ್ತು ಅಂತ ದೂರು ಹೇಳಿಲ್ಲ,” ಎನ್ನುತ್ತ ಗುಲ್ಜಾರ್ ಬೀ ಬಿಸಿನೀರಿನ ಪಾತ್ರೆಗೆ ಮೊಣಕೈ ಅದ್ದಿ ನೋಡಿದಳು. ಎದುರಿಗಿದ್ದ ಸಾನಾ ಮುಖ ಎತ್ತದಿರುವುದನ್ನು ಕಂಡು ದನಿ ತಗ್ಗಿಸಿದಳು. “ಅರ್ಧ ಸುಳ್ಳು ಅಂದ್ಕೊ. ಮಿಕ್ಕಿದ್ರಲ್ಲೂ ಒಸಿ ಕಳೆ.”

ಸಾನಾ ನಗಲಿಲ್ಲ. ಹಲಗೆಯ ಮೇಲೆ ಮಲಗಿಸಿದ್ದ ಅತ್ತೆ ಜೈನಬ್‌ಳ ಮೈಮೇಲಿನ ಬಟ್ಟೆಯ ಅಂಚನ್ನು ಸರಿಪಡಿಸಿದಳು. ಮೂರು ತಿಂಗಳು ಉಸಿರಿಗಾಗಿ ಒದ್ದಾಡಿದ ಜೈನಬ್ ನಸುಕಿನ ನಮಾಜಿನ ಹೊತ್ತಿಗೆ ಹೋಗಿಬಿಟ್ಟಿದ್ದಳು. ಮಧ್ಯಾಹ್ನದ ನಮಾಜಿನೊಳಗೆ ಮೈ ತೊಳೆದು, ಕಫನ್ ಬಟ್ಟೆ ಹೊದಿಸಿ, ಹೊರಗೆ ಕಾಯುತ್ತಿದ್ದ ಗಂಡಸರಿಗೆ ಒಪ್ಪಿಸಬೇಕಿತ್ತು.

ಬಾಗಿಲಿಗೆ ಕಟ್ಟಿದ್ದ ಪರದೆಯ ಆಚೆ, ಹೊಸಿಲ ಪಕ್ಕದಲ್ಲಿ ಕಾವೇರಮ್ಮ ಕೂತಿದ್ದಳು. ಜೈನಬ್‌ಳ ಪಕ್ಕದಲ್ಲಿ ಕೂತು ಹದಿನೈದು ವರ್ಷ ಗೊಂಬೆಗಳಿಗೆ ಬಣ್ಣ ಹಚ್ಚಿದವಳು. ಸುದ್ದಿ ಕೇಳಿ ಹೊಂಗನೂರಿನಿಂದ ಮೊದಲ ಬಸ್ಸಿಗೇ ಬಂದಿದ್ದಳು.

“ಹತ್ತಿ ತಂದೆ,” ಎಂಬ ಗಂಡುದನಿ ಕೇಳಿತು. ಜೈನಬ್‌ಳ ದೊಡ್ಡ ಮಗ ಮತೀನ್. ವಯಸ್ಸು ಇಪ್ಪತ್ತಾರು. “ಇನ್ನೂ ಏನೋ ಇತ್ತು.”

“ಕರ್ಪೂರ, ಅತ್ತರು ಕಣಪ್ಪ. ಎರಡಿತ್ತು,” ಎಂದಳು ಕಾವೇರಮ್ಮ.

“ಅಮ್ಮಿ ಗಂಟು ಹಾಕಿ ಕೊಡ್ತಿದ್ಳು.”

ಅಂಗಡಿಗೆ ಕಳಿಸುವಾಗ ಎಷ್ಟು ಸಾಮಾನೋ ಅಷ್ಟು ಗಂಟನ್ನು ಜೈನಬ್ ಅವನ ಕರ್ಚೀಫಿಗೆ ಹಾಕುತ್ತಿದ್ದಳು. ಮೂರು ಮಾತು ಹೇಳಿದರೆ ಎರಡು ಅವನಿಂದ ಜಾರಿಹೋಗುತ್ತಿದ್ದವು. ಕಡೆತದ ಯಂತ್ರದ ಮೇಲೆ ಮರ ಕಡೆಯುವುದನ್ನು ಚೆನ್ನಾಗಿ ಕಲಿತಿದ್ದ. ಆದರೆ ಹಸಿರು ಯಾವುದು, ನೀಲಿ ಯಾವುದು ಅವನ ಕಣ್ಣಿಗೆ ಸರಿಯಾಗಿ ತಿಳಿಯುತ್ತಿರಲಿಲ್ಲ. ಗೊಂಬೆಗೆ ಹಚ್ಚುವ ಬಣ್ಣದ ಅರಗಿನ ಕಡ್ಡಿಗಳಿಗೂ ಜೈನಬ್ ದಾರ ಸುತ್ತಿಟ್ಟಿದ್ದಳು. ಹಸಿರಿಗೆ ಒಂದು ಸುತ್ತು, ನೀಲಿಗೆ ಎರಡು.

“ಕೊಡು ಮಗ,” ಎಂದು ಕಾವೇರಮ್ಮ ಅವನ ಕರ್ಚೀಫು ಇಸಿದುಕೊಂಡು ಎರಡು ಗಂಟು ಹಾಕಿಕೊಟ್ಟಳು. ಅವನು ಅವನ್ನು ಮುಟ್ಟಿ ಮುಟ್ಟಿ ನೋಡುತ್ತ ಹೋದ.

“ಪಾಪದ್ದು,” ಕಾವೇರಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. “ಬಸುರೀಲಿ ಗ್ರಹಣದ ದಿನ ಬದ್ನೆಕಾಯಿ ಹೆಚ್ಚಿದ್ದೊಂದು ತಪ್ಪಿಗೆ ಆ ತಾಯಿ ಇಷ್ಟು ವರ್ಸ ಬೆಂದೋದ್ಲಲ್ಲ.”

ಗುಲ್ಜಾರ್ ಬೀ ಚೊಂಬಿಗೆ ನೀರು ತುಂಬಿಕೊಂಡಳು. ಜೈನಬ್‌ಳ ಬಲಗೈಯನ್ನು ನೀರಿಗೆ ಹಿಡಿದು ತಿಕ್ಕತೊಡಗಿದಳು. ಉಗುರುಗಳ ಮೇಲೆ ಕಪ್ಪು ಬಣ್ಣ ಗಟ್ಟಿಯಾಗಿ ಕೂತಿತ್ತು. ಹಾಸಿಗೆ ಹಿಡಿದ ಮೇಲೂ ಜೈನಬ್ ಮಲಗಿಕೊಂಡೇ ಗೊಂಬೆಗಳಿಗೆ ಕಣ್ಣು ಬರೆದುಕೊಡುತ್ತಿದ್ದಳು.

“ಇದು ಹೋಗದೆ ಉಗುರಿಗೆ ನೀರು ತಾಗಲ್ಲ. ನೀರು ತಾಗದೆ ಗುಸುಲ್ ಸ್ನಾನ ಆಗಲ್ಲ,” ಎಂದಳು ಸಾನಾ.

“ಅದಕ್ಯಾಕೆ ಅಷ್ಟು ಯೋಚ್ನೆ? ಒಂದು ತೊಟ್ಟು ಥಿನ್ನರ್ ಹಾಕಿ,” ಆಚೆಯಿಂದ ಕಾವೇರಮ್ಮ ಹೇಳಿದಳು.

ಸಾನಾ ಮಂಚದಡಿಯಿಂದ ಅತ್ತೆಯ ಬಾಟಲಿಯನ್ನೇ ತೆಗೆದು ಬಿರಡೆ ತಿರುವಿದಳು. ಬಾಗಿಲು, ಕಿಟಕಿ ಎರಡಕ್ಕೂ ಪರದೆ ಬಿಟ್ಟಿದ್ದ ಆ ಸಣ್ಣ ಕೋಣೆಯಲ್ಲಿ ವಾಸನೆ ಒಮ್ಮೆಗೇ ತುಂಬಿಕೊಂಡಿತು. ಅವಳು ಬಟ್ಟೆಯ ಚೂರಿಗೆ ಸುರಿದುಕೊಂಡು ಕೈಯ ಮೇಲೆ ಬಾಗಿದಳು. ಸಾನಾಗೆ ಆಗ ನಾಲ್ಕು ತಿಂಗಳು.

ಗುಲ್ಜಾರ್ ಬೀ ಬಾಟಲಿಯನ್ನು ಕಿತ್ತುಕೊಂಡ ರಭಸಕ್ಕೆ ನೀರಿನ ಚೊಂಬು ಉರುಳಿತು.

“ನೀನು ಎದ್ದೋಗು. ಬಸುರಿ ಹೆಂಗ್ಸು ಹೆಣದ ತಾವ ಕೂರಬಾರ್ದು.”

“ಇಷ್ಟೊತ್ತು ಕೂತಿದ್ನಲ್ಲ ನಾನಿ?” ಸಾನಾ ಆ ಅಜ್ಜಿಯನ್ನು ಕೇಳಿದಳು.

“ಈಗ ನೆಪ್ಪಾಯ್ತು, ಹೋಗು.”

“ನಮ್ಮಲ್ಲೂ ಹಂಗೇ ಕಣವ್ವ, ಎದ್ದು ಬಾ,” ಎಂದಳು ಕಾವೇರಮ್ಮ.

ಸಾನಾ ಎದ್ದು ದುಪಟ್ಟಾ ಸರಿಮಾಡಿಕೊಂಡಳು. “ಆಯ್ತು. ಸದ್ಯ, ನಾನು ಬಣ್ಣ ಹಚ್ಚಕ್ಕೆ ಹೋಗೋ ಶೆಡ್ಡಲ್ಲಿ ಹೆಣ ಇರಲ್ಲ. ಮೂರು ದಿನ ಕಳೆದ್ರೆ ಅಲ್ಲಿಗಾದ್ರೂ ಹೋಗ್ಬೋದು.”

ಅವಳು ಪರದೆ ಸರಿಸಿ ಹೊರಗೆ ಹೋದಳು. ಗುಲ್ಜಾರ್ ಬೀ ಬಾಟಲಿಯನ್ನು ಹಿಡಿದುಕೊಂಡೇ ಕೂತಳು. ಇಪ್ಪತ್ತೆರಡು ವರ್ಷದ ಕೆಳಗೆ ಹೇಳಿದಂಥದ್ದೇ ಮಾತನ್ನು ಅವಳ ಬಾಯಿ ಈಗ ಮತ್ತೊಮ್ಮೆ ಹೇಳಿಬಿಟ್ಟಿತ್ತು.

*

ಜೈನಬ್ ಮತೀನನನ್ನು ಹೊತ್ತಿದ್ದ ವರ್ಷ ಗುಲ್ಜಾರ್ ಬೀ ಬಣ್ಣದ ಶೆಡ್ಡಿನ ಮೇಸ್ತ್ರಿಯಾಗಿದ್ದಳು. ಕೈಕೆಳಗೆ ಹದಿನೆಂಟು ಹೆಂಗಸರು. ಊರಿಗೆಲ್ಲ ನಲವತ್ತು ಹೆಂಗಸರು ಎಂದು ಹೇಳಿಕೊಂಡಿದ್ದಳು. ಅರಗಿನ ಕೆಲಸ ಕಡಿಮೆಯಾಗಿ ಡಬ್ಬಿ ಬಣ್ಣದ ಗೊಂಬೆಗಳಿಗೆ ಬೇಡಿಕೆ ಬಂದ ಕಾಲ ಅದು. ಬಣ್ಣ ತೆಳುವಾಗಲು ಥಿನ್ನರ್, ಕುಂಚ ತೊಳೆಯಲು ಥಿನ್ನರ್, ಕೊನೆಗೆ ಕೈ ಒರೆಸಿಕೊಳ್ಳಲೂ ಅದೇ. ಹಸಿ ಬಣ್ಣಕ್ಕೆ ರಸ್ತೆಯ ಧೂಳು ಅಂಟಿದರೆ ಮಾಲು ವಾಪಸು ಬರುತ್ತದೆಂದು ಗುಲ್ಜಾರ್ ಬೀಯೇ ಎದ್ದು ಕಿಟಕಿಗಳನ್ನೆಲ್ಲ ಮುಚ್ಚುತ್ತಿದ್ದಳು.

“ಖಾಲಾ, ತಲೆ ಸುತ್ತತೈತೆ. ಆ ಒಂದು ಕಿಟಕಿ ತೆಗೀರಿ,” ಎಂದು ಏಳು ತಿಂಗಳ ಬಸುರಿ ಜೈನಬ್ ಕೇಳಿದ್ದಳು.

“ಬಸುರಿಗೆ ತಲೆ ಸುತ್ತದೆ ಇನ್ನೇನು ಮೇಸ್ತ್ರಿಗೆ ಸುತ್ತತದಾ? ನಿನ್ನ ಕುದ್ರೆಗೆ ಕಣ್ಣು ಬರಿ, ಇಲ್ದಿದ್ರೆ ಅದು ಗೋಡೆಗೆ ಗುದ್ದತದೆ!”

ಎಲ್ಲರೂ ನಕ್ಕಿದ್ದರು. ಜೈನಬ್ ಕೂಡ ನಕ್ಕು ಕುಂಚ ಎತ್ತಿಕೊಂಡಿದ್ದಳು.

ಮಗುವಿಗೆ ನಾಲ್ಕು ತುಂಬಿದರೂ ಅಮ್ಮಿ ಎಂಬ ಮಾತು ಬರಲಿಲ್ಲ. ಜೈನಬ್ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೊರಟಾಗ ಗುಲ್ಜಾರ್ ಬೀ ಜೊತೆಗೆ ಹೋದಳು. ಹುಡುಗ ಚೀರಾಡಿದ್ದರಿಂದ ಜೈನಬ್ ಅವನನ್ನು ಎತ್ತಿಕೊಂಡು ಹೊರಗೆ ಹೋಗಬೇಕಾಯಿತು. ಡಾಕ್ಟರಮ್ಮ ಒಳಗಿದ್ದ ಗುಲ್ಜಾರ್ ಬೀಯನ್ನೇ ಕೇಳಿದರು, ಬಸುರಿನಲ್ಲಿ ತಾಯಿ ಏನು ಕೆಲಸ ಮಾಡುತ್ತಿದ್ದಳು ಎಂದು. ಗುಲ್ಜಾರ್ ಬೀ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡರು.

“ಇದೊಂದೇ ಕಾರಣ ಅಂತ ನಾನು ಹೇಳೋಕಾಗಲ್ಲ. ಆದ್ರೆ ಮುಚ್ಚಿದ ರೂಮಲ್ಲಿ ತಿಂಗಳುಗಟ್ಟಲೆ ಆ ವಾಸನೆ ಕುಡಿದ್ರೆ ಅದು ರಕ್ತದಲ್ಲಿ ಸೇರಿ ಮಗುವಿಗೂ ಹೋಗುತ್ತೆ. ಮಾತು, ಬುದ್ಧಿ, ಬಣ್ಣ ಗುರುತಿಸೋದು ಎಲ್ಲಕ್ಕೂ ಪೆಟ್ಟು ಬೀಳಬಹುದು. ಗರ್ಭಿಣಿಯರನ್ನ ಅಲ್ಲಿ ಕೂರಿಸಬೇಡಿ. ಊರಿಗೆ ಹೋಗಿ ಎಲ್ಲರಿಗೂ ಹೇಳಿ, ಹೇಳ್ತೀರಲ್ಲಾ?”

ಗುಲ್ಜಾರ್ ಬೀ ತಲೆಯಾಡಿಸಿದಳು.

ಊರಿಗೆ ಮರಳುವ ಬಸ್ಸು ಬಿಡದಿ ದಾಟಿತು. ಜೈನಬ್ ಮಲಗಿದ್ದ ಮಗನ ಕೂದಲು ಸವರುತ್ತ ತಾನೇ ಬಾಯಿಬಿಟ್ಟಳು. “ಖಾಲಾ, ಆ ವರ್ಷ ಗ್ರಹಣದ ಸಂಜೆ ಮರೆತು ಬದ್ನೆಕಾಯಿ ಹೆಚ್ಚಿಬುಟ್ಟಿದ್ದೆ. ಅದಕ್ಕೇ ಅಂತಾ?”

ಕಿಟಕಿ ಮುಚ್ಚಿದ ಕೈಗಳು ಗುಲ್ಜಾರ್ ಬೀಯ ಮಡಿಲಲ್ಲೇ ಇದ್ದವು.

“ಹ್ಞೂಂ,” ಎಂದಳು. “ಡಾಕ್ಟ್ರಮ್ಮನೂ ಅದನ್ನೇ ಅಂದ್ರು.”

*

“ಎಷ್ಟೊತ್ತು? ನಮಾಜಿಗೆ ಜಮಾತ್ ಕಾಯ್ತಾ ಐತೆ!” ಎಂದು ಹೊರಗಿನಿಂದ ಯಾರೋ ಕೂಗಿದರು.

“ಕಾಯ್ಲಿ. ಅವಳು ನಿಮಗೆಲ್ಲ ಕಾದಿಲ್ವಾ?” ಗುಲ್ಜಾರ್ ಬೀ ಥಿನ್ನರನ್ನು ಮುಟ್ಟಲಿಲ್ಲ. ಕೊಬ್ಬರಿ ಎಣ್ಣೆ ಸವರಿ, ಬೇವಿನ ಕಡ್ಡಿಯ ತುದಿ ಜಗಿದು ಮೆತ್ತಗೆ ಮಾಡಿ, ಒಂದೊಂದೇ ಉಗುರನ್ನು ಉಜ್ಜಿದಳು. ಹತ್ತು ಬೆರಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕರ್ಪೂರ ಬಂತು, ಅತ್ತರು ಬಂತು. ಕಫನ್ ಕಟ್ಟಿದ್ದಾಯಿತು.

ಮತೀನ್ ಮತ್ತು ಸಾನಾಳ ಗಂಡನಾದ ಅವನ ತಮ್ಮ ಆಫ್ತಾಬ್ ಶವದ ಡೋಲಿಗೆ ಮುಂದಿನಿಂದ ಹೆಗಲು ಕೊಟ್ಟರು. ಗಲ್ಲಿಯ ತಿರುವಿನಲ್ಲಿ ಮತೀನ್ ನಿಂತು, “ಎಡಗಡೆಯಾ, ಬಲಗಡೆಯಾ?” ಎಂದು ಜೋರಾಗಿ ಕೇಳಿದ. ಆಫ್ತಾಬ್ ಅವನ ಭುಜ ಹಿಡಿದು ತಿರುಗಿಸಿದ.

ಗಂಡಸರೆಲ್ಲ ಹೋದ ಮೇಲೆ ಮನೆಯಲ್ಲಿ ಮೂವರು ಹೆಂಗಸರು ಉಳಿದರು. ಸ್ಟೀಲಿನ ಡಬ್ಬದ ಮೇಲಿದ್ದ ಸಾನಾಳ ಫೋನು ಗುಂಯ್‌ಗುಟ್ಟಿತು.

“ಶೆಡ್ಡಿನ ಮೇಸ್ತ್ರಿ. ಯಾವಾಗ ಬತ್ತೀಯ ಅಂತ ಕೇಳಕ್ಕೆ,” ಎಂದು ಸಾನಾ ಕೈ ಚಾಚಿದಳು. ಗುಲ್ಜಾರ್ ಬೀ ಫೋನಿನ ಮೇಲೆ ತನ್ನ ಕೈಯಿಟ್ಟಳು.

“ಎತ್ಬೇಡ. ಮೊದ್ಲು ನನ್ನ ಮಾತು ಕೇಳು. ಹೆಣದ ತಾವ ಕೂರಬಾರ್ದು ಅಂದ್ನಲ್ಲ, ಅದು ಸುಳ್ಳು. ಗ್ರಹಣದ್ದೂ ಸುಳ್ಳೇ.”

ಆಮೇಲೆ ಡಾಕ್ಟರಮ್ಮನ ಮಾತನ್ನು ಹೇಳಿದಳು. ಕಿಟಕಿಯದ್ದು, ಬಸ್ಸಿನದ್ದು ಎಲ್ಲವನ್ನೂ ಹೇಳಿದಳು. ಜೀವನದಲ್ಲಿ ಮೊದಲ ಬಾರಿಗೆ ಯಾವುದನ್ನೂ ಉಬ್ಬಿಸಲಿಲ್ಲ. ಹದಿನೆಂಟು ಹೆಂಗಸರು ಎಂದೇ ಹೇಳಿದಳು.

ಫೋನು ಸುಮ್ಮನಾಗಿತ್ತು. ಕಾವೇರಮ್ಮ ಗೋಡೆಗೆ ಒರಗಿದಳು.

“ನಾನೂ ಆ ಶೆಡ್ಡಲ್ಲೇ ಇದ್ನಲ್ಲ ಗುಲ್ಜಾರಮ್ಮ,” ಎಂದಳು ನಿಧಾನವಾಗಿ. “ನೀವು ಆಸ್ಪತ್ರೆಯಿಂದ ಬಂದ ವರ್ಸ ನನ್ನ ಹೊಟ್ಟೇಲಿ ನನ್ನ ಮಗಳು ಭಾನು ಇದ್ಲು.”

ಗುಲ್ಜಾರ್ ಬೀ ಅವಳತ್ತ ನೋಡಲಾರದೆ ನೆಲ ನೋಡಿದಳು.

“ಗ್ರಹಣ ಬಂದಾಗೆಲ್ಲ ಅಮ್ಮಿ ಒಂದು ತೊಟ್ಟು ನೀರು ಕುಡೀತಿರಲಿಲ್ಲ,” ಎಂದಳು ಸಾನಾ. “ಮೂಲೇಲಿ ಕೂತು ಮತೀನ್ ಭಾಯಿ ಕಾಲು ಹಿಡ್ಕೋತಿದ್ರು, ನನ್ನ ಮಾಫ್ ಮಾಡು ಅಂತ. ನೀವು ಅಲ್ಲೇ ಕೂತು ತಮಾಷೆ ಮಾಡ್ತಿದ್ರಿ ನಾನಿ!”

“ಹೌದು. ಬಾಯಿ ಸುಮ್ನಿದ್ರೆ ನಿಜ ಎಲ್ಲಿ ಆಚೆ ಬಂದ್ಬುಡ್ತದೋ ಅಂತ.”

“ಅಮ್ಮಿ ಹಂಗೇ ನಂಬ್ಕೊಂಡೇ ಹೋದ್ರಾ?”

“ಇಲ್ಲ. ಮೊನ್ನೆ ಶುಕ್ರವಾರ ನೀವೆಲ್ಲ ಕೆಲಸಕ್ಕೆ ಹೋದಾಗ ಬಂದು ಹೇಳ್ದೆ. ಮುಖಕ್ಕೆ ಉಗೀಲಿ ಅಂತ್ಲೇ ಬಂದಿದ್ದೆ.” ಗುಲ್ಜಾರ್ ಬೀ ಖಾಲಿ ಮಂಚದ ಕಡೆ ನೋಡಿದಳು. “ಉಗೀಲಿಲ್ಲ. ಎಷ್ಟೋ ಹೊತ್ತು ಸೂರು ನೋಡ್ಕೊಂಡು ಮಲಗಿದ್ಲು. ಆಮೇಲೆ ನನ್ನ ಮುಂಗೈ ಹಿಡ್ಕೊಂಡು ಎದ್ದು ಕೂತ್ಲು. ತಿಂಗಳಿಂದ ಎದ್ದು ಕೂರಕ್ಕಾಗದೋಳು! ‘ಖಾಲಾ, ನಮ್ಮ ಸಾನಾ ಎಲ್ಲವ್ಳೆ?’ ಅಂದ್ಲು. ಶೆಡ್ಡಿಗೆ ಹೋಗವ್ಳೆ ಅಂದೆ. ಅದಕ್ಕೆ ಒಂದು ಮಾತಂದು, ಅದನ್ನ ನಿಂಗೆ ನಾನೇ ಮುಟ್ಟಿಸ್ಬೇಕು ಅಂದ್ಲು.”

ಡಬ್ಬದ ಮೇಲೆ ಫೋನು ಮತ್ತೆ ಗುಂಯ್‌ಗುಟ್ಟತೊಡಗಿತು. ನಡುಗುತ್ತ ನಡುಗುತ್ತ ಅದು ಅಂಚಿನ ಕಡೆಗೆ ಸರಿಯುತ್ತಿತ್ತು. ಸಾನಾ ಅದನ್ನು ಎತ್ತಿಕೊಳ್ಳಲಿಲ್ಲ. ಅವಳ ಎರಡೂ ಕೈಗಳು ಹೊಟ್ಟೆಯ ಮೇಲಿದ್ದವು.

“ನೀನು ಶೆಡ್ಡಿಗೆ ಹೋಗಿದ್ದಕ್ಕೆ ನಿಮ್ಮ ಅಮ್ಮಿ ಏನಂದಿರ್ತಾಳೆ?” ಎಂದಳು ಗುಲ್ಜಾರ್ ಬೀ. “ನೀನೇ ಹೇಳು ನೋಡನ, ಬೇಟಿ.”